ಸಸಿ ಎಷ್ಟನೇ ದಿನಕ್ಕೆ ಬಾಡಿತು? ಕ್ಯಾಲ್ಸಿಯಂ ಸಯನಮೈಡ್ ಹಾಕಿದ ಮಣ್ಣಿನಲ್ಲಿ ತಪ್ಪು ಹುಡುಕುವ ಬಗೆ

ಪುಣೆ ಹತ್ತಿರ ಮಾವಳದಲ್ಲಿ ನಮ್ಮದು ಹತ್ತು ಗುಂಟೆ ಪಾಲಿಹೌಸ್. ಊರು ವಿಜಯಪುರ ಕಡೆ. ಮೊದಲು ಜರ್ಬೆರಾ ಹೂ ಹಾಕುತ್ತಿದ್ದೆವು, ಈಗ ಡಬ್ಬು ಮೆಣಸಿನಕಾಯಿ, ನಡುನಡುವೆ ಸೌತೆ. ಒಂದೇ ಮಣ್ಣಿನಲ್ಲಿ ವರ್ಷವಿಡೀ ಬೆಳೆ ತೆಗೆದರೆ ಏನಾಗುತ್ತದೆ ಅಂತ ಪಾಲಿಹೌಸ್ ಇಟ್ಟವರಿಗೆಲ್ಲ ಗೊತ್ತು. ಬೇರಿನಲ್ಲಿ ಗಂಟು ಕಟ್ಟುತ್ತದೆ, ಬುಡ ಕೊಳೆಯುತ್ತದೆ, ಮೂರನೇ ಬೆಳೆಗೆ ಇಳುವರಿ ಅರ್ಧಕ್ಕೆ ಬರುತ್ತದೆ. ಮಣ್ಣು ಸ್ವಚ್ಛ ಮಾಡಲು ಫಾರ್ಮಾಲಿನ್ ಬೇಡ ಅಂತ ನಿರ್ಧಾರ ಮಾಡಿ ಕ್ಯಾಲ್ಸಿಯಂ ಸಯನಮೈಡ್ ಕಡೆ ಬಂದೆ. ಇದು ಮಣ್ಣಿನ ರೋಗ, ಕಳೆಗೂ ಹೊಡೆತ ಕೊಡುವ ಸಾರಜನಕ ಗೊಬ್ಬರ.

ಮೊದಲ ಸಲವೇ ಸುಮಾರು 400 ಸಸಿ ಹೋಯಿತು. ನೆಟ್ಟ ನಾಲ್ಕನೇ ದಿನ ಎಲೆಯ ಅಂಚು ಸುಟ್ಟ ಹಾಗೆ ಆಯಿತು, ಆರನೇ ದಿನ ಗಿಡ ಮಲಗಿತು. ನಾನು ನರ್ಸರಿಯವರಿಗೆ ಫೋನ್ ಮಾಡಿ ಬೇಜಾರಾಗುವ ಹಾಗೆ ಮಾತಾಡಿದೆ. ಆಮೇಲೆ ಬೆಡ್ ಅಗೆದು ನೋಡಿದರೆ ತಪ್ಪು ಸಸಿಯದ್ದೂ ಅಲ್ಲ, ಗೊಬ್ಬರದ್ದೂ ಅಲ್ಲ. ನರ್ಸರಿಯವರ ಕ್ಷಮೆ ಕೇಳಿದೆ. ಆ ಸಲದಿಂದ ಇವತ್ತಿನವರೆಗೆ ನಮ್ಮಲ್ಲಿ, ಪಕ್ಕದವರಲ್ಲಿ, ಗೋವಾದಲ್ಲಿರುವ ನಮ್ಮ ಭಾವನ ಹೊಲದಲ್ಲಿ ಏನೇನು ಕೆಟ್ಟಿತು, ಕಾರಣ ಹೇಗೆ ಸಿಕ್ಕಿತು ಅನ್ನುವುದನ್ನು ಬರೆದಿಡುತ್ತಿದ್ದೇನೆ. ನಿಮ್ಮ ಸಸಿಯಾದರೂ ಉಳಿಯಲಿ ಅಂತ.

ಯಾರಾದರೂ ಫೋನ್ ಮಾಡಿ 'ಗಿಡ ಕೆಟ್ಟಿತು' ಅಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟನೇ ದಿನಕ್ಕೆ? ಗೊಬ್ಬರ ಹಾಕಿದ ದಿನದಿಂದ ಎಣಿಸಿ, ಸಸಿ ನೆಟ್ಟ ದಿನದಿಂದಲೂ ಎಣಿಸಿ. ಈ ಎರಡು ಸಂಖ್ಯೆ ಸಿಕ್ಕಿದರೆ ಮುಕ್ಕಾಲು ಪಾಲು ಕಾರಣ ಸಿಕ್ಕ ಹಾಗೆ.

ಯಾಕೆ ಅಂದರೆ ಈ ವಸ್ತು ಮಣ್ಣಿನಲ್ಲಿ ಒಂದೇ ತರಹ ಇರುವುದಿಲ್ಲ. ಕ್ಯಾಲ್ಸಿಯಂ ಕಾರ್ಬೈಡನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾರಜನಕದ ಜೊತೆ ಕಾಯಿಸಿ ಇದನ್ನು ಮಾಡುತ್ತಾರೆ. ಜರ್ಮನಿಯ ಅಡಾಲ್ಫ್ ಫ್ರಾಂಕ್, ನಿಕೋಡೆಮ್ ಕಾರೋ ಅನ್ನುವವರು 1890ರ ದಶಕದಲ್ಲಿ ಕಂಡುಹಿಡಿದ ದಾರಿ ಇದು, ಅಂದರೆ ಯೂರಿಯಾಗಿಂತ ಎಷ್ಟೋ ಹಳೆಯ ಗೊಬ್ಬರ. ಕಾರ್ಬೈಡಿನ ಇದ್ದಿಲು ಅದರಲ್ಲೇ ಉಳಿಯುವುದರಿಂದ ಕಾಳು ಬೂದು ಕಪ್ಪು ಬಣ್ಣ. ಸಾರಜನಕ ಸುಮಾರು 20 ಪರ್ಸೆಂಟ್, ಸುಣ್ಣದ ಅಂಶ ಸುಮಾರು ಅರ್ಧ. ಹಸಿ ಮಣ್ಣಿಗೆ ಬಿದ್ದ ತಕ್ಷಣ ಸುಣ್ಣ ಒಂದು ಕಡೆ ಹೋಗುತ್ತದೆ, ಸಯನಮೈಡ್ ಬಿಡುಗಡೆ ಆಗುತ್ತದೆ. ಆ ಸಯನಮೈಡೇ ಕಳೆ ಬೀಜ, ಶಿಲೀಂಧ್ರ, ಬೇರಿನ ಜಂತುಹುಳುಗಳಿಗೆ ಹೊಡೆತ ಕೊಡುವುದು. ನಿಮ್ಮ ಸಸಿಗೂ ಅದೇ ಹೊಡೆತ, ಅದಕ್ಕೆ ಕಳೆ ಯಾವುದು ಬೆಳೆ ಯಾವುದು ಅಂತ ಗೊತ್ತಿಲ್ಲ. ಕೆಲವು ದಿನ ಆದ ಮೇಲೆ ಅದು ಯೂರಿಯಾ ಆಗುತ್ತದೆ, ಯೂರಿಯಾ ಅಮೋನಿಯಂ ಆಗುತ್ತದೆ, ಕೊನೆಗೆ ನೈಟ್ರೇಟ್. ಸಯನಮೈಡಿನ ಸ್ವಲ್ಪ ಭಾಗ ಡೈಸಯನ್‌ಡೈಅಮೈಡ್ ಆಗಿ ಉಳಿದು, ಅಮೋನಿಯಂ ಬೇಗ ನೈಟ್ರೇಟ್ ಆಗದ ಹಾಗೆ ಕೆಲವು ವಾರ ತಡೆ ಹಿಡಿಯುತ್ತದೆ. ಮೊದಲು ವಿಷ, ಆಮೇಲೆ ಊಟ. ಎರಡರ ನಡುವಿನ ದಿನಗಳನ್ನು ಕ್ಯಾಲೆಂಡರ್ ನಿರ್ಧಾರ ಮಾಡುವುದಿಲ್ಲ, ನೀರು ಮತ್ತು ಬಿಸಿಲು ನಿರ್ಧಾರ ಮಾಡುತ್ತವೆ.

ಹೆಸರು ಕೇಳಿ ಹೆದರುವವರೂ ಇದ್ದಾರೆ. ಇದು ಸಯನೈಡ್ ಅಲ್ಲ, ಬೇರೆಯೇ ವಸ್ತು. ನಮ್ಮ ವಿಜಯಪುರ, ಸಾಂಗ್ಲಿ, ನಾಸಿಕ್ ಕಡೆ ದ್ರಾಕ್ಷಿ ಬೆಳೆಯುವವರು ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಆದ ಮೇಲೆ ಕಣ್ಣು ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರಲ್ವಾ, ಅದರ ಹತ್ತಿರದ ಸಂಬಂಧಿ. ಕೈಗೆ ಗ್ಲೌಸ್ ಹಾಕದೆ ಅದನ್ನು ಮುಟ್ಟಿದವರಿಗೆ ಚರ್ಮ ಹೇಗೆ ಸುಲಿಯುತ್ತದೆ ಅಂತ ಗೊತ್ತಿರುತ್ತದೆ. ಸಯನೈಡ್ ಅಲ್ಲ ಅಂತ ಸಸಾರ ಮಾಡಬೇಡಿ ಅಂತ ಇದನ್ನು ಹೇಳಿದೆ.

ನೆಟ್ಟ ಮೂರರಿಂದ ಏಳನೇ ದಿನದೊಳಗೆ ಸುಟ್ಟರೆ

ಇದು ಎಲ್ಲಕ್ಕಿಂತ ಜಾಸ್ತಿ ಆಗುವ ತೊಂದರೆ, ನನಗೆ ಆಗಿದ್ದೂ ಇದೇ. ಎಲೆಯ ಅಂಚು ಮತ್ತು ತುದಿ ಕಂದು ಬಣ್ಣಕ್ಕೆ ತಿರುಗುತ್ತದೆ, ಬೇರಿನ ತುದಿ ಬಿಳಿ ಇರುವ ಬದಲು ಚಹಾ ಬಣ್ಣ ಆಗುತ್ತದೆ, ಹೊಸ ಬೇರು ಹೊರಡುವುದೇ ಇಲ್ಲ. ಸಯನಮೈಡ್ ಇನ್ನೂ ಮಣ್ಣಲ್ಲಿದೆ ಅಂತ ಅರ್ಥ.

'ಹನ್ನೆರಡು ದಿನ ಕಾದಿದ್ದೆ' ಅಂತ ನಾನೂ ಹೇಳಿದ್ದೆ. ಕಾದಿದ್ದು ನಿಜ. ಆದರೆ ಮಣ್ಣು ಎಲ್ಲಿ ಹಸಿ ಇತ್ತೋ ಅಲ್ಲಿ ಮಾತ್ರ ಹನ್ನೆರಡು ದಿನ ಆಗಿತ್ತು. ನಮ್ಮ ಬೆಡ್ ಅಗಲ 90 ಸೆಂಟಿಮೀಟರ್, ಎರಡು ಡ್ರಿಪ್ ಲ್ಯಾಟರಲ್ (ಹನಿ ನೀರಿನ ಪೈಪು). ಡ್ರಿಪ್ಪಿನ ನೀರು ಮಣ್ಣೊಳಗೆ ಗಡ್ಡೆಯ ಆಕಾರದಲ್ಲಿ ಇಳಿಯುತ್ತದೆ, ಅಂಚಿಗೆ ಹೋಗುವುದಿಲ್ಲ. ಕಾಳನ್ನು ನಾನು ಇಡೀ ಬೆಡ್ಡಿಗೆ ಎರಚಿದ್ದೆ. ಅಂಚಿನ ಕಾಳು ಒಣ ಮಣ್ಣಲ್ಲಿ ಹನ್ನೆರಡು ದಿನವೂ ಸುಮ್ನೆ ಮಲಗಿತ್ತು. ಸಸಿ ನೆಟ್ಟ ಮೇಲೆ ಬೇರು ಹಿಡಿಯಲಿ ಅಂತ ಪೈಪಿಗೆ ಶವರ್ ಹಚ್ಚಿ ಇಡೀ ಬೆಡ್ ನೆನೆಸಿದೆವು. ಆ ನೀರು ಮಲಗಿದ್ದ ಕಾಳನ್ನು ಎಬ್ಬಿಸಿತು. ಎರಡು ಬೆಡ್ಡಿನಲ್ಲಿ ಲ್ಯಾಟರಲ್ ಕಟ್ಟಿಕೊಂಡು ನೀರೇ ಬಂದಿರಲಿಲ್ಲ, ಆ ಎರಡು ಬೆಡ್ ಪೂರ್ತಿ ಹೋಯಿತು. ಉಳಿದ ಬೆಡ್ಡುಗಳಲ್ಲಿ ಅಲ್ಲೊಂದು ಇಲ್ಲೊಂದು. ಸತ್ತ ಗಿಡಗಳ ನಕ್ಷೆ ಬರೆದರೆ ಅದು ಒಣ ಜಾಗದ ನಕ್ಷೆಯೇ ಆಗಿತ್ತು.

ಪರೀಕ್ಷೆ ಸುಲಭ. ಸತ್ತ ಗಿಡದ ಪಕ್ಕ ಐದಾರು ಇಂಚು ಅಗೆಯಿರಿ. ಬೂದು ಕಾಳು ಇಡಿಯಾಗಿ, ಗಟ್ಟಿಯಾಗಿ ಸಿಕ್ಕಿದರೆ ಅದು ಕರಗಿಲ್ಲ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಮಸಿಯಂತೆ ಹರಡಿದರೆ ಕೆಲಸ ಮುಗಿದಿದೆ, ಉಳಿದದ್ದು ಇದ್ದಿಲು. ಗ್ಲೌಸ್ ಹಾಕಿಕೊಂಡೇ ಒತ್ತಿ.

ಈಗ ಏನು ಮಾಡಬೇಕು? ಬುಡ ಕಂದಿದ್ದರೆ ಆ ಸಸಿ ಉಳಿಯುವುದಿಲ್ಲ, ಕಿತ್ತುಬಿಡಿ. ಸುಳಿ ಹಸಿರಿದ್ದು ಒಂದಾದರೂ ಬಿಳಿ ಬೇರು ಕಾಣಿಸಿದರೆ ಇಡೀ ಬೆಡ್ಡಿಗೆ ಚೆನ್ನಾಗಿ ನೀರು ಕೊಡಿ, ಸಯನಮೈಡ್ ನೀರಲ್ಲಿ ಕರಗುತ್ತದೆ, ತೆಳುವಾಗುತ್ತದೆ, ಬೇಗ ಯೂರಿಯಾ ಆಗುತ್ತದೆ. ಆದರೆ ನೀರು ನಿಲ್ಲಬಾರದು. ಪಾಪ ಅಂತ ಗೊಬ್ಬರ, ಟಾನಿಕ್ಕು ಸುರಿಯಬೇಡಿ, ಆ ಗಿಡ ತಿನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಅದೇ ಗುಂಡಿಗೆ ಮರುದಿನವೇ ಹೊಸ ಸಸಿ ಇಡಬೇಡಿ. ನಾನು ಗಡಿಬಿಡಿಯಲ್ಲಿ ನಲವತ್ತು ಸಸಿ ಹಾಗೆ ಇಟ್ಟು ಅವನ್ನೂ ಕಳೆದುಕೊಂಡೆ.

ಎರಡನೇ ಸಲದಿಂದ ಕ್ರಮ ಬದಲಾಯಿಸಿದೆ. ಮೊದಲು ಬೆಡ್ಡಿಗೆ ನೀರು ಕೊಟ್ಟು ಹದಕ್ಕೆ ತರುತ್ತೇವೆ, ಇಲ್ಲಿನವರು ವಾಫ್ಸಾ ಅನ್ನುತ್ತಾರಲ್ಲ, ಆ ಹದ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ಆಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಆಮೇಲೆ ಕಾಳು ಎರಚಿ, ಅವತ್ತೇ 15 ಸೆಂಟಿಮೀಟರ್ ಆಳಕ್ಕೆ ಕಲಸಿ, ಶವರ್ ಪೈಪಿನಿಂದಲೇ ಇಡೀ ಮೇಲ್ಮೈ ನೆನೆಸುತ್ತೇವೆ. ಮೂರು ದಿನಕ್ಕೊಮ್ಮೆ ಮತ್ತೆ ಅಂಚು ನೋಡುತ್ತೇವೆ. ಡ್ರಿಪ್ ಮೇಲೆ ನಂಬಿಕೆ ಇಡುವುದಿಲ್ಲ. ಬೆಚ್ಚಗಿನ ಕಾಲದಲ್ಲಿ ಗುಂಟೆಗೆ 5 ಕಿಲೋ ಹಾಕಿದ್ದರೆ ಎರಡು ವಾರ, ಡಿಸೆಂಬರ್ ಜನವರಿಯಲ್ಲಿ ಮೂರು ವಾರ ಕಾಯುತ್ತೇವೆ. ಮಾವಳದ ಚಳಿ ಕಡಿಮೆ ಏನಲ್ಲ, ಮಣ್ಣು ತಣ್ಣಗಾದಷ್ಟೂ ಇದು ನಿಧಾನ ಕರಗುತ್ತದೆ.

ಆದರೂ ದಿನದ ಲೆಕ್ಕಕ್ಕಿಂತ ಬಾಟಲಿಯ ಪರೀಕ್ಷೆಯೇ ನನಗೆ ಜಾಸ್ತಿ ನಂಬಿಕೆ. ಆಳ್ವಿ ಬೀಜ ಗೊತ್ತಲ್ಲ, ಬಾಣಂತಿಗೆ ಉಂಡೆ ಕಟ್ಟಿ ಕೊಡುವುದು, ಮರಾಠಿಯಲ್ಲಿ ಅಳೀವ್ ಅನ್ನುತ್ತಾರೆ. ಎರಡು ಅಗಲ ಬಾಯಿಯ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಸಯನಮೈಡ್ ಹಾಕಿದ ಬೆಡ್ಡಿನ ಮಣ್ಣು, ಅದೂ ಅಂಚು, ನಡು, ಮೇಲೆ, ಕೆಳಗೆ ಎಲ್ಲ ಕಡೆಯಿಂದ ತೆಗೆದು ಕಲಸಿದ್ದು. ಇನ್ನೊಂದಕ್ಕೆ ಹಾಕದ ಮೂಲೆಯ ಮಣ್ಣು. ಎರಡನ್ನೂ ಸ್ವಲ್ಪ ನೆನೆಸಿ, ಮೇಲೆ ಒಂದು ಚಿಟಿಕೆ ಬೀಜ ಉದುರಿಸಿ, ಮುಚ್ಚಳ ಹಾಕಿ ನೆರಳಲ್ಲಿಡಿ. ಆಳ್ವಿ ಎರಡೇ ದಿನಕ್ಕೆ ಮೊಳಕೆ ಬಿಡುತ್ತದೆ. ನಾಲ್ಕನೇ ದಿನ ಎರಡೂ ಬಾಟಲಿ ಒಂದೇ ತರಹ ಹಸಿರಾಗಿ, ಬೇರು ಬೆಳ್ಳಗಿದ್ದರೆ ನೆಡಬಹುದು. ಹಾಕಿದ ಮಣ್ಣಿನದು ಗಿಡ್ಡ ಇದ್ದರೆ, ಬೇರಿನ ತುದಿ ಕಂದಿದ್ದರೆ ಇನ್ನೊಂದು ವಾರ ಕಾದು ಮತ್ತೆ ನೋಡಿ. ಹತ್ತು ರೂಪಾಯಿ ಬೀಜದಲ್ಲಿ ಸಾವಿರಾರು ರೂಪಾಯಿ ಸಸಿ ಉಳಿಯುತ್ತದೆ.

ಇಪ್ಪತ್ತನೇ ದಿನಕ್ಕೆ, ಇದ್ದಕ್ಕಿದ್ದ ಹಾಗೆ

ಚೆನ್ನಾಗಿ ಹಿಡಿದ ಗಿಡ ಮೂರನೇ ವಾರದಲ್ಲಿ ಒಂದು ಬದಿಗೆ ಮಾತ್ರ ಸುಟ್ಟ ಹಾಗಾದರೆ ಅದೂ ಮೇಲಿನದೇ ಕತೆ, ತಡವಾಗಿ ಬಂದದ್ದು ಅಷ್ಟೆ. ಬೇರು ಹರಡಿ ಒಣ ಅಂಚಿಗೆ ಹೋಗಿರುತ್ತದೆ, ಅದೇ ಹೊತ್ತಿಗೆ ಮಂಜಿನಂತೆ ನೀರು ಚಿಮ್ಮುವ ಫಾಗರ್ ಜಾಸ್ತಿ ಓಡಿಸಿ ಅಥವಾ ಮಳೆ ಸೋರಿ ಅಂಚು ನೆನೆದಿರುತ್ತದೆ. ಪಾಲಿಹೌಸಿನ ಗಟಾರದ ಪಕ್ಕದ ಸಾಲಿನಲ್ಲಿ ಇದು ಜಾಸ್ತಿ. ಮಲ್ಚಿಂಗ್ ಪೇಪರ್ ಹಾಕಿದವರು ಪೇಪರ್ ಎತ್ತಿ ಅಂಚಿನ ಮಣ್ಣು ಮುಟ್ಟಿ ನೋಡಿ. ನೀವು ನೋಡದೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ.

ಬಯಲಿನಲ್ಲಿ ಕೋಸು, ಹೂಕೋಸಿಗೆ ಮೇಲುಗೊಬ್ಬರದ ತರಹ ಹಾಕುವವರೂ ಇದ್ದಾರೆ. ಎಲೆ ಮೇಲೆ ಚುಕ್ಕೆ ಚುಕ್ಕೆ ಸುಟ್ಟ ಗುರುತು ಬಂದರೆ ಬೆಳಗಿನ ಇಬ್ಬನಿಯಲ್ಲಿ ಎರಚಿದ್ದೀರಿ, ಕಾಳು ಎಲೆಗೆ ಅಂಟಿದೆ. ನೆಲದ ಮೇಲೆ ಬಿದ್ದದ್ದಕ್ಕೆ ತೊಂದರೆ ಇಲ್ಲ. ಎಲೆ ಮೇಲಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಮಧ್ಯಾಹ್ನದ ಹೊತ್ತು ಹಾಕಬೇಕು. ಎಳೆ ಸಸಿ ಇರುವಾಗಂತೂ ಬೇಡವೇ ಬೇಡ.

ರೋಗ ಹೋಗಲೇ ಇಲ್ಲ ಅನ್ನುವವರಿಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಯಾಕೆಂದರೆ 'ಇಷ್ಟು ದುಡ್ಡು ಹಾಕಿದೆ, ಏನೂ ಆಗಲಿಲ್ಲ' ಅನ್ನುವ ಮಾತು ಕೇಳಿದಾಗೆಲ್ಲ ಯಾವ ರೋಗಕ್ಕೆ ಹಾಕಿದಿರಿ ಅಂದರೆ ಉತ್ತರ ಬರುವುದಿಲ್ಲ.

ಗಿಡ ಬಾಡಿತು ಅನ್ನುವುದು ರೋಗದ ಹೆಸರಲ್ಲ. ಕಿತ್ತು ನೋಡಿ. ಬೇರಿನಲ್ಲಿ ಮಣಿ ಪೋಣಿಸಿದ ಹಾಗೆ ಗಂಟು ಇದ್ದರೆ ಜಂತುಹುಳು, ನೆಮಟೋಡ್. ಬುಡದಲ್ಲಿ ಬಿಳಿ ಹತ್ತಿಯಂಥ ಬೂಷ್ಟು, ಅದರಲ್ಲಿ ಸಾಸಿವೆಯಂಥ ಕಂದು ಕಾಳು ಇದ್ದರೆ ಸ್ಕ್ಲೆರೋಶಿಯಂ ಅನ್ನುವ ಶಿಲೀಂಧ್ರ. ಎರಡೂ ಇಲ್ಲದಿದ್ದರೆ ಬುಡದ ಕಾಂಡವನ್ನು ಎರಡು ಇಂಚು ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗುವ ಹಾಗೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನ ಎಳೆಯ ಹಾಗೆ ಬಿಳಿ ದಾರ ಕೆಳಗಿಳಿದರೆ ದುಂಡಾಣು ಸೊರಗು, ರಾಲ್‌ಸ್ಟೋನಿಯಾ. ದಾರ ಬರದೆ ಕಾಂಡದ ಒಳಗೆ ಕಂದು ಗೆರೆ ಮಾತ್ರ ಇದ್ದರೆ ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಇರಬಹುದು.

ಸ್ಕ್ಲೆರೋಶಿಯಂಗೆ ಇದು ಒಳ್ಳೆಯ ಮದ್ದು. ಆ ಕಾಳುಗಳು ಮೇಲಿನ ಮಣ್ಣಿನಲ್ಲೇ ಇರುತ್ತವೆ, ಸುಣ್ಣ ಮತ್ತು ಅಮೋನಿಯಂ ಎರಡೂ ಅದಕ್ಕೆ ಆಗಿಬರುವುದಿಲ್ಲ. ಕೋಸಿನ ಬೇರು ಗದೆಯಂತೆ ಊದುವ ಕ್ಲಬ್‌ರೂಟ್ ರೋಗಕ್ಕೂ ಯೂರೋಪಿನಲ್ಲಿ ಇದು ಹಳೆಯ ಉಪಾಯ, ಹುಳಿ ಮಣ್ಣಿನಲ್ಲಿ ಆ ರೋಗ ಬೆಳೆಯುತ್ತದೆ, ಪಿಎಚ್ (ಮಣ್ಣಿನ ಹುಳಿ, ಕ್ಷಾರದ ಅಳತೆ) 7.2 ದಾಟಿದರೆ ಕುಗ್ಗುತ್ತದೆ. ಆದರೆ ಅದರ ಬೀಜಕಣ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ, ಒಂದೇ ಸಲಕ್ಕೆ ಮುಗಿಯುವ ಮಾತಲ್ಲ.

ನೆಮಟೋಡ್ ವಿಷಯದಲ್ಲಿ ನಾನು ಕಲಿತದ್ದು ಬೇರೆ. ಹಳೆಯ ಬೇರು ಒಳಗೇ ಬಿಟ್ಟು ರೊಟವೇಟರ್ ಹೊಡೆದರೆ ಗಂಟಿನೊಳಗಿನ ಮೊಟ್ಟೆಗೆ ಸಯನಮೈಡ್ ತಲುಪುವುದೇ ಇಲ್ಲ. ಬೇರು ಆರಿಸಿ ಹೊರಗೆ ಸುಡಬೇಕು. ಎರಡನೆಯದು ಆಳ. ನಾವು ಕಲಸುವುದು 15 ಸೆಂಟಿಮೀಟರ್, ಹುಳು ಅದಕ್ಕಿಂತ ಕೆಳಗೂ ಇರುತ್ತದೆ, ಬೇಸಿಗೆಯಲ್ಲಿ ಇನ್ನೂ ಕೆಳಗಿಳಿಯುತ್ತದೆ. ಅದಕ್ಕೆ ಈಗ ಏಪ್ರಿಲ್ ಮೇ ತಿಂಗಳು ಬೆಳೆ ಬಿಟ್ಟು, ತಿಪ್ಪೆಗೊಬ್ಬರ ಮತ್ತು ಭತ್ತದ ಹೊಟ್ಟಿನ ಜೊತೆ ಸಯನಮೈಡ್ ಕಲಸಿ, ನೀರು ತುಂಬಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚು ಮಣ್ಣಿನಿಂದ ಮುಚ್ಚಿ, ಪಾಲಿಹೌಸಿನ ಪರದೆ ಇಳಿಸಿ ನಾಲ್ಕೈದು ವಾರ ಬಿಡುತ್ತೇವೆ. ಪುಣೆಯ ಬಿಸಿಲು ಪುಕ್ಕಟೆ ಸಿಗುವ ಔಷಧ. ಹೀಗೆ ಮಾಡುವಾಗ ಮಾತ್ರ ಗುಂಟೆಗೆ 10 ಕಿಲೋವರೆಗೆ ಹೋಗುತ್ತೇವೆ, ಸಾಧಾರಣಕ್ಕೆ 3ರಿಂದ 5 ಸಾಕು. ನಿಮ್ಮ ಚೀಲದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ನೋಡಿ. ನೆಮಟೋಡ್ ಪೂರ್ತಿ ಹೋಗಲಿಲ್ಲ, ಆದರೆ ಮೊದಲ ಮೂರು ತಿಂಗಳು ಬೇರು ಸ್ವಚ್ಛ ಇರುತ್ತದೆ. ಗಿಡಕ್ಕೆ ಅಷ್ಟು ಸಮಯ ಸಿಕ್ಕಿದರೆ ಅದು ಎದ್ದು ನಿಲ್ಲುತ್ತದೆ.

ದುಂಡಾಣು ಸೊರಗಿನ ಪಾಠ ಕಲಿಸಿದ್ದು ಗೋವಾ. ಅಕ್ಕನ ಗಂಡ ಫೋಂಡಾ ಹತ್ತಿರ ಜಮೀನು ಲೀಸಿಗೆ ಹಿಡಿದು ಭತ್ತ ಕೊಯ್ದ ಗದ್ದೆಯಲ್ಲಿ ಬದನೆ, ಮೆಣಸಿನಕಾಯಿ ಬೆಳೆಯುತ್ತಾರೆ. ಅಲ್ಲಿಯದು ಕೆಂಪು ಜಂಬಿಟ್ಟಿಗೆ ಮಣ್ಣು, ಹುಳಿ. ಬದನೆ ಸೊರಗುವುದು ಗೋವಾದಲ್ಲಿ ಹಳೆಯ ಕಾಟ. ಹಳೇ ಗೋವಾದ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯವರು ಈ ರೋಗದ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಭಾವ ನನ್ನ ಮಾತು ಕೇಳಿ ಸಯನಮೈಡ್ ಹಾಕಿದರು. ಸಸಿ ಚೆನ್ನಾಗಿ ಬಂತು, ಹುಳಿ ಮಣ್ಣಿಗೆ ಸುಣ್ಣ ಬಿದ್ದು ಎಲೆಯ ಬಣ್ಣವೇ ಬೇರೆ ಆಯಿತು. ಐವತ್ತನೇ ದಿನ, ಕಾಯಿ ಹಿಡಿಯುವ ಹೊತ್ತಿಗೆ ಫೋನ್ ಬಂತು.

'ಏನಪ್ಪಾ, ನಿನ್ನ ಕರಿ ಗೊಬ್ಬರ ಕೈಕೊಟ್ಟಿತು.'

'ಭಾವ, ಮೊದಲು ಯಾವ ಗಿಡ ಬಾಡಿತು? ಎಲ್ಲಾ ಕಡೆನಾ, ಒಂದೇ ಕಡೆನಾ?'

'ಕಾಲುವೆ ಕಡೆ ಸಾಲು ಮೊದಲು. ಈಗ ಒಳಗೆ ಬರ್ತಾ ಇದೆ.'

ಲೋಟದಲ್ಲಿ ದಾರ ಇಳಿಯಿತು. ಕಾಲುವೆ ಹಿಡಿದು ಮೇಲೆ ಹೋಗಿ ನೋಡಿದರೆ ಪಕ್ಕದ ಹೊಲದ ಬಾಡಿದ ಬದನೆ ಗಿಡ ನೀರಿನಲ್ಲೇ ಬಿದ್ದಿದ್ದವು. ಮಣ್ಣು ಸ್ವಚ್ಛ ಮಾಡಿ, ರೋಗವನ್ನು ನೀರಿನಲ್ಲಿ ಮತ್ತೆ ಒಳಗೆ ಬಿಟ್ಟ ಹಾಗಾಗಿತ್ತು. ಸಯನಮೈಡ್ ಕೆಲಸ ಮಾಡುವುದು ಮೊದಲ ಕೆಲವು ದಿನ ಮಾತ್ರ. ಐವತ್ತನೇ ದಿನ ಬರುವ ದುಂಡಾಣುವನ್ನು ಅದು ತಡೆಯುವುದಿಲ್ಲ. ಮುಂದಿನ ವರ್ಷ ಭಾವ ಸುಂಡೆ ಗಿಡದ ಬೇರಿಗೆ ಕಸಿ ಮಾಡಿದ ಬದನೆ ಸಸಿ ತಂದರು, ನೀರನ್ನು ಬಾವಿಗೆ ಬದಲಾಯಿಸಿದರು, ಸಯನಮೈಡೂ ಹಾಕಿದರು. ಬೆಳೆ ಬಂತು. ಮೂರರಲ್ಲಿ ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ, ಆದರೆ ಮೂರರಲ್ಲಿ ಒಂದನ್ನೂ ಬಿಡುವ ಧೈರ್ಯ ಭಾವನಿಗೂ ಇಲ್ಲ, ನನಗೂ ಇಲ್ಲ.

ಹಾಗಾಗಿ ರೋಗ ಎಲ್ಲಿಂದ ಶುರುವಾಯಿತು ಅನ್ನುವುದನ್ನು ನೋಡಿ. ನೀರಿನ ಕಡೆಯಿಂದಾ, ಬಾಗಿಲ ಕಡೆಯಿಂದಾ, ಒಂದೇ ಟ್ರೇಯ ಸಸಿಗಳಾ? ಬಾಗಿಲ ಕಡೆಯಿಂದ ಆದರೆ ಚಪ್ಪಲಿ ಮತ್ತು ಗುದ್ದಲಿಯಲ್ಲಿ ಬಂದಿದೆ. ಎಲ್ಲಾ ಕಡೆ ಒಂದೇ ಸಲ ಎದ್ದರೆ ಮಾತ್ರ ನಿಮ್ಮ ಮಣ್ಣಿನ ಕೆಲಸ ಕೆಟ್ಟಿದೆ ಅಂತ ತಿಳಿಯಿರಿ.

ಇನ್ನೊಂದು, ರೋಗ ತಡೆಯಲಿ ಅಂತ ಮಣ್ಣಿಗೆ ಹಾಕುವ ಟ್ರೈಕೋಡರ್ಮಾವನ್ನು ಇದರ ಜೊತೆಗೇ ಕಲಸುವವರು ಇದ್ದಾರೆ. ಅದೂ ಶಿಲೀಂಧ್ರವೇ ಅಲ್ವಾ, ಅದೂ ಸಾಯುತ್ತದೆ. ಬಾಟಲಿಯಲ್ಲಿ ಆಳ್ವಿ ಚೆನ್ನಾಗಿ ಬಂದ ಮೇಲೆ, ತಿಪ್ಪೆಗೊಬ್ಬರದಲ್ಲಿ ಬೆಳೆಸಿ ಹಾಕಿ. ಆಗ ಜಾಗ ಖಾಲಿ ಇರುತ್ತದೆ, ಒಳ್ಳೆಯದು ಬೇಗ ಹರಡುತ್ತದೆ.

ಒಂದು ತಿಂಗಳ ಮೇಲೆ ಹಳದಿ

ಯಾವ ಎಲೆ ಹಳದಿ ಅನ್ನುವುದೇ ಇಲ್ಲಿ ಮುಖ್ಯ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಪಿಎಚ್ ಏರಿದಾಗ ಗಿಡಕ್ಕೆ ಸಿಗುವುದಿಲ್ಲ. ಭಾವನ ಹುಳಿ ಮಣ್ಣಿಗೆ ವರ ಆದ ಸುಣ್ಣ ನಮ್ಮ ಕಡೆ ಕಾಟ ಆಗಬಹುದು. ಪುಣೆ ಜಿಲ್ಲೆಯ ಕಪ್ಪು ಮಣ್ಣು ಮೊದಲೇ ಸುಣ್ಣದ್ದು. ಪಾಲಿಹೌಸಿಗೆ ಕೆಂಪು ಮಣ್ಣು ತಂದು ಹಾಕಿದ್ದರೂ ಬೋರಿನ ಗಡಸು ನೀರು ಕೊಟ್ಟು ಕೊಟ್ಟು ಪಿಎಚ್ ಏರಿರುತ್ತದೆ. ಜರ್ಬೆರಾ 5.5ರಿಂದ 6.5ರೊಳಗೆ ಬಯಸುವ ಬೆಳೆ, ಅದಕ್ಕೆ ಇದು ಬೇಗ ತಾಗುತ್ತದೆ. ಮನೆಯಲ್ಲೇ ನೋಡಬೇಕು ಅಂದರೆ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ, ಬುರುಬುರು ನೊರೆ ಬಂದರೆ ಸುಣ್ಣ ಜಾಸ್ತಿ ಇದೆ. ಅಂಥ ಮಣ್ಣಿಗೆ ಪ್ರತಿ ಬೆಳೆಗೂ ಸಯನಮೈಡ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ನಾರಾಯಣಗಾಂವ್, ಬಾರಾಮತಿ ಎರಡೂ ಕಡೆ ಕೃಷಿ ವಿಜ್ಞಾನ ಕೇಂದ್ರ ಇದೆ. ಹಳದಿ ಆಗಿಹೋಗಿದ್ದರೆ ಫೆರಸ್ ಸಲ್ಫೇಟ್ 0.5 ಪರ್ಸೆಂಟ್ ಸಂಜೆ ಹೊತ್ತು ಸಿಂಪಡಿಸಿ, ಮೊದಲು ನಾಲ್ಕು ಗಿಡಕ್ಕೆ ಹೊಡೆದು ನೋಡಿ. ಡ್ರಿಪ್ಪಿನಲ್ಲಿ ಕೊಡುವುದಾದರೆ ಇಡಿಡಿಎಚ್ಎ (ಕಬ್ಬಿಣ ಗಿಡಕ್ಕೆ ಸಿಗುವ ಹಾಗೆ ಹಿಡಿದಿಡುವ ವಸ್ತು) ಇರುವ ಕಬ್ಬಿಣ ತನ್ನಿ. ಇಡಿಟಿಎ ಕಬ್ಬಿಣ ಅಗ್ಗ, ಆದರೆ ಸುಣ್ಣದ ಮಣ್ಣಲ್ಲಿ ನಿಲ್ಲುವುದಿಲ್ಲ.

ಹಳೆಯ ಎಲೆ, ಕೆಳಗಿನದು, ಒಂದೇ ಸಮ ಹಳದಿಯಾದರೆ ಸಾರಜನಕ ಇನ್ನೂ ಗಿಡಕ್ಕೆ ಸಿಗುತ್ತಿಲ್ಲ. ಚಳಿಗಾಲದಲ್ಲಿ ಆಗುತ್ತದೆ. ಸ್ವಲ್ಪ ಕ್ಯಾಲ್ಸಿಯಂ ನೈಟ್ರೇಟ್ ಡ್ರಿಪ್ಪಿನಲ್ಲಿ ಕೊಟ್ಟರೆ ಸಾಕು.

ಇದರ ಉಲ್ಟಾನೂ ಇದೆ. ಗಿಡ ಕಡು ಹಸಿರು, ಎಲೆ ದೊಡ್ಡದು, ಹೂ ಉದುರುತ್ತದೆ. ಸಾರಜನಕ ಎರಡು ಸಲ ಲೆಕ್ಕಕ್ಕೆ ಬಂದಿದೆ. ಹತ್ತು ಗುಂಟೆಗೆ 50 ಕಿಲೋ ಹಾಕಿದರೆ 10 ಕಿಲೋ ಸಾರಜನಕ, ಅಂದರೆ ಸುಮಾರು 22 ಕಿಲೋ ಯೂರಿಯಾಗೆ ಸಮ. ಅದನ್ನು ಬುಡಗೊಬ್ಬರದಲ್ಲಿ ಕಳೆಯಬೇಕು. ಔಷಧ ಅಂತ ಹಾಕಿದವರು ಇದನ್ನು ಗೊಬ್ಬರ ಅಂತ ಎಣಿಸುವುದೇ ಇಲ್ಲ. ಕಾಯಿಯ ತುದಿ ಕಪ್ಪಾಗಿ ಕೊಳೆತರೂ ಇದನ್ನೇ ಅನುಮಾನಿಸಿ. ಸುಣ್ಣ ಹಾಕಿದ್ದೇನೆ, ಕ್ಯಾಲ್ಸಿಯಂ ಕೊರತೆ ಹೇಗೆ ಅಂತ ಕೇಳುತ್ತಾರೆ. ಅಮೋನಿಯಂ ಜಾಸ್ತಿ ಇದ್ದರೆ ಬೇರು ಕ್ಯಾಲ್ಸಿಯಂ ಎಳೆದುಕೊಳ್ಳುವುದು ಕಡಿಮೆ ಆಗುತ್ತದೆ, ಮೇಲೆ ನೀರೂ ಏರುಪೇರಾದರೆ ಕಾಯಿಗೆ ತಲುಪುವುದಿಲ್ಲ.

ಒಳಗೆ ಕಾಲಿಟ್ಟ ತಕ್ಷಣ ಮೂಗು ಉರಿಯುವ ಅಮೋನಿಯಾ ವಾಸನೆ ಬಂದರೆ ಅಮೋನಿಯಂ ಸಲ್ಫೇಟ್ ಅಥವಾ ಡಿಎಪಿ ಜೊತೆ ಬೆರೆಸಿದ್ದೀರಾ ನೋಡಿ. ಸುಣ್ಣ ತಾಗಿದರೆ ಅವುಗಳ ಸಾರಜನಕ ಗಾಳಿಗೆ ಹೋಗುತ್ತದೆ, ಎಲೆಯನ್ನೂ ಸುಡುತ್ತದೆ. ಪರದೆ ಎತ್ತಿ, ನೀರು ಕೊಡಿ. ಬೆರೆಸುವುದನ್ನು ಬಿಡಿ.

ಕೆಟ್ಟದ್ದು ಗಿಡ ಅಲ್ಲ, ಮನುಷ್ಯ ಅಂದರೆ

ಇದನ್ನು ಮೊದಲೇ ಬರೆಯಬೇಕಿತ್ತು ಅನ್ನಿಸುತ್ತಿದೆ. ಕಾಳು ಎರಚಿದ ಸಂಜೆ ನಮ್ಮಲ್ಲಿ ಕೆಲಸ ಮಾಡುವ ಅಣ್ಣ ಒಬ್ಬರು ಸ್ವಲ್ಪ ಕುಡಿದರು. ಅರ್ಧ ಗಂಟೆಯಲ್ಲಿ ಮುಖ, ಕುತ್ತಿಗೆ ಕೆಂಪಾಯಿತು, ಎದೆ ಡವಡವ, ತಲೆನೋವು, ವಾಂತಿ, ಉಸಿರು ಸಿಗಲಿಲ್ಲ. ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚೀಲದ ಲೇಬಲ್ ಫೋಟೋ ತೋರಿಸಿದ್ದರಿಂದ ಡಾಕ್ಟರಿಗೆ ಬೇಗ ಗೊತ್ತಾಯಿತು. ರಾತ್ರಿ ಅಲ್ಲೇ ಇಟ್ಟುಕೊಂಡು ಬೆಳಿಗ್ಗೆ ಕಳಿಸಿದರು.

ಹೊಟ್ಟೆಗೆ ಹೋದ ಮದ್ಯವನ್ನು ಯಕೃತ್ತು ಎರಡು ಹಂತದಲ್ಲಿ ಕರಗಿಸುತ್ತದೆ. ಸಯನಮೈಡ್ ಎರಡನೇ ಹಂತವನ್ನು ತಡೆಯುತ್ತದೆ, ನಡುವಿನ ಅಸಿಟಾಲ್ಡಿಹೈಡ್ ಅನ್ನುವ ವಿಷ ರಕ್ತದಲ್ಲಿ ಏರುತ್ತದೆ. ಕುಡಿತ ಬಿಡಿಸುವ ಔಷಧವಾಗಿ ಇದೇ ಜಾತಿಯ ವಸ್ತು ಬಳಸಿದ್ದಾರೆ, ಅಷ್ಟು ಜೋರು. ಹಾಕುವ ಹಿಂದಿನ ದಿನ, ಹಾಕುವ ದಿನ, ಮರುದಿನ ಮದ್ಯ ಬೇಡ. ಮದ್ಯಸಾರ ಇರುವ ಕೆಮ್ಮಿನ ಸಿರಪ್, ಆಸವ, ಅರಿಷ್ಟವೂ ಬೇಡ. ಕೆಲಸಕ್ಕೆ ಬರುವವರಿಗೆ ಹಿಂದಿನ ದಿನವೇ, ಅವರ ಭಾಷೆಯಲ್ಲಿ, ಮುಖ ನೋಡಿ ಹೇಳಿ. ಸಂಕೋಚ ಬೇಡ, ಯಾರು ಕುಡಿಯುತ್ತಾರೆ ಅಂತ ನಿಮಗೆ ಗೊತ್ತಿಲ್ಲದೇ ಇರಬಹುದು.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಉದ್ದ ತೋಳು, ಗ್ಲೌಸ್. ಧೂಳು ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹಾಕುತ್ತಲೇ ಇರಿ, ಆಮೇಲೆ ಡಾಕ್ಟರ್. ಗಾಳಿ ಬೀಸುವಾಗ ಎರಚಬೇಡಿ. ಮೀನು ಇರುವ ಕೆರೆ, ಬಾವಿಯ ಅಂಚಿಗೆ ಬೇಡ. ದನ, ಆಡು, ಮಕ್ಕಳು ಆ ಕಡೆ ಬಾರದ ಹಾಗೆ ನೋಡಿಕೊಳ್ಳಿ.

ಎಲ್ಲಾ ಸರಿ ಮಾಡಿದರೂ ಫಲ ಕಾಣದಿದ್ದರೆ ಚೀಲ ನೋಡಿ. ಮಾವಳದ ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಚೀಲ ಹಸಿ ಎಳೆದು ಗಡ್ಡೆ ಕಟ್ಟುತ್ತದೆ. ಒಳಗೊಳಗೇ ಸಯನಮೈಡಿನ ಭಾಗ ಡೈಸಯನ್‌ಡೈಅಮೈಡ್ ಆಗಿಬಿಡುತ್ತದೆ, ಸಾರಜನಕ ಇರುತ್ತದೆ, ಹೊಡೆತ ಇರುವುದಿಲ್ಲ. ಗಡ್ಡೆ ಕಟ್ಟಿದ್ದನ್ನು ಕುಟ್ಟಿ ಪುಡಿ ಮಾಡಬೇಡಿ, ಆ ಧೂಳು ಕೆಟ್ಟದ್ದು. ಒಂದು ಬೆಳೆಗೆ ಎಷ್ಟು ಬೇಕೋ ಅಷ್ಟೇ ತರಿಸಿ. ಉಳಿದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ನೆಲದಿಂದ ಎತ್ತರಕ್ಕೆ, ಬೀಗ ಇರುವ ಕೋಣೆಯಲ್ಲಿಡಿ, ಮೇಲೆ ತಂದ ತಾರೀಖು ಬರೆಯಿರಿ. ಹಾಕಿದ ತಾರೀಖು, ನೀರು ಕೊಟ್ಟ ತಾರೀಖು, ಆಳ್ವಿ ಮೊಳೆತ ತಾರೀಖು ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆದಿಟ್ಟರೆ, ಎಷ್ಟನೇ ದಿನ ಅಂತ ಯಾರಾದರೂ ಕೇಳಿದಾಗ ನೆನಪು ಹುಡುಕಬೇಕಾಗಿಲ್ಲ.